ಸನದು ಯಾರದು, ಜಾಮೀನು ಯಾರದು?

ದೂರಶಿಕ್ಷಣದ ಮೂಲಕವಾಗಲಿ ಆನ್‌ಲೈನ್ ಮೂಲಕವಾಗಲಿ ಇನ್ನು ಮುಂದೆ ಮನಃಶಾಸ್ತ್ರ ಕಲಿಸಕೂಡದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2025ರಲ್ಲಿ ಅಪ್ಪಣೆ ಮಾಡಿತು. ಅದೇ ವರ್ಷದ ಜುಲೈ-ಆಗಸ್ಟ್ ತಂಡದಿಂದಲೇ ಹೊಸ ಪ್ರವೇಶ ಬಂದ್. 2021ರಲ್ಲಿ ಬಂದ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಶನ್ಸ್ ಕಾಯ್ದೆಯ ವ್ಯಾಪ್ತಿಯಲ್ಲಿರುವ ವಿಷಯಗಳಿಗೆಲ್ಲ ಈ ನಿಯಮ ಎಂದು ಕಾರಣ ಹೇಳಲಾಯಿತು. ಪತ್ರಿಕೆಯ ಮೂಲೆಯಲ್ಲಿ ಬಂದು ಹೋದ ಸುದ್ದಿ. ಓದಿದವರು 'ಸರಿಯಾಗಿಯೇ ಇದೆ, ಅಂಚೆಯಲ್ಲಿ ಪಾಠ ತರಿಸಿಕೊಂಡು ಮನಸ್ಸಿನ ವೈದ್ಯ ಮಾಡಲಾದೀತೇ?' ಎಂದು ತಲೆಯಾಡಿಸಿ ಪುಟ ತಿರುವಿದರು.

ನಾವು ಪುಟ ತಿರುವಲಾರೆವು. ಏಕೆಂದರೆ ಆ ಬಾಗಿಲಿನಿಂದ ಒಳಗೆ ಹೋಗುತ್ತಿದ್ದವರು ಯಾರೆಂಬುದು ನಮಗೆ ಗೊತ್ತು. ಹಗಲು ಕಾಲೇಜಿಗೆ ಹೋಗಲಾಗದವರು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಓದುವ ಆಸೆ ಚಿಗುರಿದವರು. ಗಣಿ ನಿಂತು ಕೆಲಸ ಕಳೆದುಕೊಂಡು, ನಲವತ್ತರ ವಯಸ್ಸಿನಲ್ಲಿ ಹೊಸ ದಾರಿ ಹುಡುಕಿದವರು. ಅವರಿಗಿದ್ದ ಕೊನೆಯ ಬಾಗಿಲನ್ನು ಮುಚ್ಚಿದವರು ಬದಲಿಗೆ ಯಾವ ಕಿಟಕಿಯನ್ನೂ ತೆರೆಯಲಿಲ್ಲ. ಮನಸ್ಸಿಗೆ ನೋವಾದವರ ಪಕ್ಕದಲ್ಲಿ ಕುಳಿತುಕೊಳ್ಳುವ ಹಕ್ಕು ಇನ್ನು ಪಟ್ಟಣದ ಕಾಲೇಜು ಕಂಡವರಿಗೆ ಮಾತ್ರವೇ? ಇದು ನಮ್ಮ ಪ್ರಶ್ನೆ.

ಮೊದಲು ನಮ್ಮ ಸೀಮೆಯ ಸ್ಥಿತಿ ನೋಡೋಣ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಅಕ್ರಮ ನಿಲ್ಲಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಡೂರಿನ ಬೆಟ್ಟಗಳಿಂದ ಅದಿರು ಹೊತ್ತ ಲಾರಿಗಳ ಚಾಲಕರು, ಕ್ಲೀನರುಗಳು, ಸಾಲ ಮಾಡಿ ಲಾರಿ ಕೊಂಡವರು ರಾತ್ರೋರಾತ್ರಿ ಕೈಕಟ್ಟಿ ಕೂತರು. ಅದೇ ವರ್ಷ ಹಂಪಿ ಬಜಾರಿನಲ್ಲಿ ತಲೆಮಾರುಗಳಿಂದ ಬದುಕಿದ್ದ ಮನೆ-ಅಂಗಡಿಗಳು ನೆಲಸಮವಾದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕಂಪ್ಲಿಯ ಭತ್ತದ ರೈತರು ನಿದ್ದೆಗೆಟ್ಟು ಕುಳಿತರು. ಸರ್ಕಾರ ನಷ್ಟದ ಲೆಕ್ಕವನ್ನು ಟನ್ನುಗಳಲ್ಲಿ, ಎಕರೆಗಳಲ್ಲಿ, ಟಿಎಂಸಿಗಳಲ್ಲಿ ಬರೆದಿಟ್ಟಿತು. ಆ ಮನೆಗಳಲ್ಲಿ ಗಂಡ ಕುಡಿತಕ್ಕೆ ಬಿದ್ದದ್ದು, ಹೆಂಡತಿ ಮಾತು ಬಿಟ್ಟದ್ದು, ಹುಡುಗ ಹಗ್ಗ ಹುಡುಕಿದ್ದು ಯಾವ ಲೆಕ್ಕದ ಪುಸ್ತಕದಲ್ಲಿದೆ?

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಹತ್ತಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿದ್ದಾರೆ. ಕಾಯಿಲೆಯ ಬಗೆಯನ್ನು ನೋಡಿಕೊಂಡು, ಅವರಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆ ಸಿಕ್ಕಿಲ್ಲ. ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದ ದೇಶ ನಮ್ಮದು. ಇರುವ ಕೆಲವರೂ ದೊಡ್ಡ ಊರುಗಳಲ್ಲಿದ್ದಾರೆ. ಹೊಸಪೇಟೆಯಿಂದ ನಿಮ್ಹಾನ್ಸ್‌ಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಹೋಗಿ ಬರಲು ಎರಡು ದಿನದ ಕೂಲಿ, ಜೊತೆಗೆ ಒಬ್ಬರು, ಊರಿಗೆ ಹೇಳಲು ಒಂದು ಸುಳ್ಳು.

ದೂರ ಕಿಲೋಮೀಟರಿನದಷ್ಟೇ ಅಲ್ಲ, ಭಾಷೆಯದೂ ಹೌದು. ನಮ್ಮ ಕಡೆಯ ಹೆಂಗಸು 'ನನಗೆ ಖಿನ್ನತೆ' ಎನ್ನುವುದಿಲ್ಲ. 'ದಿಲ್ ಘಬ್ರಾತಾ' ಎನ್ನುತ್ತಾಳೆ. 'ಎದಿ ಝಲ್ ಅಂತದ', 'ಹೊಟ್ಟಿಯಾಗ ಏನೋ ಸಂಕಟ', 'ಯಾರ ಕೂಡಾನೂ ಮಾತು ಬ್ಯಾಡ ಅನ್ನಿಸ್ತದ' ಎನ್ನುತ್ತಾಳೆ. ಸಂಡೂರು ತಾಂಡಾದ ಹೆಣ್ಣುಮಗಳಿಗೆ ಲಂಬಾಣಿಯಲ್ಲಿ ಬೇರೆಯೇ ಮಾತುಗಳಿವೆ. ಇಂಗ್ಲಿಷಿನಲ್ಲಿ ಕಲಿತು ಇಂಗ್ಲಿಷಿನಲ್ಲೇ ಟಿಪ್ಪಣಿ ಬರೆಯುವ ವೈದ್ಯರಿಗೆ ಈ ಸಂಕಟ ತಲುಪುವಷ್ಟರಲ್ಲಿ ಅರ್ಧ ದಾರಿಯಲ್ಲೇ ಸೋರಿಹೋಗಿರುತ್ತದೆ. ಗ್ಯಾಸ್ಟ್ರಿಕ್ ಮಾತ್ರೆಯ ಚೀಟಿ ಹಿಡಿದು ಆಕೆ ಮನೆಗೆ ಮರಳುತ್ತಾಳೆ.

ಕಂಪ್ಲಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡ ಹೆಣ್ಣುಮಗಳೊಬ್ಬರು ನಮಗೆ ಪರಿಚಯ. ರವಿಕೆಯ ಅಳತೆ ಕೊಡಲು ಬಂದವರು ಅಲ್ಲಿ ಬಹಳ ಹೊತ್ತು ಕೂರುತ್ತಾರೆ. ಮುಸ್ಲಿಮರು, ಲಿಂಗಾಯತರು, ಕುರುಬರು, ಮಾದಿಗರು, ಎಲ್ಲರೂ. ಅಳತೆ ಮುಗಿದ ಮೇಲೂ ಎದ್ದುಹೋಗದವರ ಕಥೆಗಳು ಆಕೆಯ ಬಳಿ ಜಮೆಯಾಗಿವೆ, ಒಂದೂ ಹೊರಗೆ ಬಂದಿಲ್ಲ. ಆಕೆ ನಮ್ಮನ್ನು ಕೇಳಿದ್ದು ಇಷ್ಟು: 'ಭಾಯಿ, ನಾನು ಎಸ್ಸೆಸ್ಸೆಲ್ಸಿ ತನಕ ಓದೀನಿ. ಮಂದಿ ಮಾತು ಕೇಳಿಸ್ಕೊಳ್ಳೋದು ನಂಗ ಬರ್ತದ. ಕೇಳಿಸ್ಕೊಂಡ ಮ್ಯಾಲೆ ಏನು ಮಾಡಬೇಕು ಅನ್ನೋದು ಬರೋದಿಲ್ಲ. ಅದನ್ನ ಎಲ್ಲಿ ಕಲಿಸ್ತಾರ?'

ಈ ಪ್ರಶ್ನೆಗೆ ನಾಡಿನಲ್ಲಿ ಇಂದು ಎರಡು ಉತ್ತರಗಳಿವೆ. ಎರಡೂ ಕೆಟ್ಟವು.

ಮೊದಲ ಉತ್ತರ ಪದವಿಯ ಕಾವಲುಗಾರರದು. 'ಪಿಯುಸಿ ಮಾಡು, ಪದವಿ ಮಾಡು, ಸ್ನಾತಕೋತ್ತರ ಪದವಿ ಮಾಡು, ಆಮೇಲೆ ಬಾ. ಅಲ್ಲಿಯತನಕ ರವಿಕೆ ಹೊಲಿ.' ಎರಡನೆಯದು ಸರ್ಟಿಫಿಕೇಟ್ ವ್ಯಾಪಾರಿಗಳದು. 'ಪದವಿ ಬೇಡ, ಓದು ಬೇಡ, ಮೂರು ದಿನ ಸಾಕು. ಹಣ ಕಟ್ಟು, ಪ್ರಮಾಣಪತ್ರ ತಗೋ, ಬೋರ್ಡು ಹಾಕು.' ಆಕೆಯ ಕೈಗೂ ಅಂಥದ್ದೊಂದು ಕರಪತ್ರ ಬಂದಿತ್ತು. ಬಣ್ಣದ ಕಾಗದ, ಕೋಟು ತೊಟ್ಟವರ ಫೋಟೋ, 'ಮನಸ್ಸಿನ ವೈದ್ಯರಾಗಿ, ಮನೆಯಲ್ಲೇ ಸಂಪಾದಿಸಿ' ಎಂಬ ಆಮಿಷ. ಮೊದಲಿನವರು ಬಾಗಿಲು ಹಾಕಿದ್ದರಿಂದಲೇ ಎರಡನೆಯವರ ಅಂಗಡಿ ನಡೆಯುತ್ತಿದೆ ಎಂಬುದನ್ನು ಯಾರೂ ಹೇಳುತ್ತಿಲ್ಲ.

ಪದವಿಯ ಕಾವಲುಗಾರರಿಗೆ ಅವರದೇ ಶಾಸ್ತ್ರದ ಚರಿತ್ರೆಯನ್ನು ನೆನಪಿಸಬೇಕಾಗಿದೆ. ವಿಯೆನ್ನಾದಲ್ಲಿ ಥಿಯೋಡರ್ ರೈಕ್ ಎಂಬ ಮನೋವಿಶ್ಲೇಷಕರ ಮೇಲೆ, ವೈದ್ಯಕೀಯ ಪದವಿಯಿಲ್ಲದೆ ಚಿಕಿತ್ಸೆ ಮಾಡಿದರೆಂದು ನಕಲಿ ವೈದ್ಯರ ಕಾನೂನಿನಡಿ ದೂರು ದಾಖಲಾಯಿತು. ಅವರ ಪರವಾಗಿ 1926ರಲ್ಲಿ ಪುಸ್ತಕವನ್ನೇ ಬರೆದವರು ಸ್ವತಃ ಸಿಗ್ಮಂಡ್ ಫ್ರಾಯ್ಡ್. ಬೇಕಾದ ಅರಿವು ಮತ್ತು ಸಾಮರ್ಥ್ಯವಿಲ್ಲದೆ ಚಿಕಿತ್ಸೆಗೆ ಇಳಿಯುವವನೇ ನಕಲಿ, ಅವನ ಬಳಿ ಡಾಕ್ಟರಿಕೆಯ ಪದವಿ ಇದ್ದರೂ ಸರಿಯೇ ಎಂಬುದು ಅವರ ವಾದವಾಗಿತ್ತು. ಅವರ ಮಗಳು ಆನಾ ಫ್ರಾಯ್ಡ್ ಶಾಲೆಯ ಟೀಚರಾಗಿದ್ದವರು, ವಿಶ್ವವಿದ್ಯಾಲಯದ ಪದವಿ ಪಡೆದವರಲ್ಲ. ಮಕ್ಕಳ ಮನೋವಿಶ್ಲೇಷಣೆಯ ಇನ್ನೊಂದು ದೊಡ್ಡ ಹೆಸರಾದ ಮೆಲನಿ ಕ್ಲೈನ್ ಅವರಿಗೂ ಪದವಿ ಇರಲಿಲ್ಲ. ಎರಿಕ್ ಎರಿಕ್ಸನ್ ಚಿತ್ರ ಬರೆಯುತ್ತ ಊರೂರು ಅಲೆದವರು, ವಿಯೆನ್ನಾದ ಸಣ್ಣ ಶಾಲೆಯೊಂದಕ್ಕೆ ಮೇಷ್ಟ್ರಾಗಿ ಬಂದು ಆನಾ ಅವರ ಬಳಿ ಕಲಿತರು. ಬಿ.ಎ. ಕೂಡ ಇಲ್ಲದ ಅವರು ಮುಂದೆ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾದರು. ಇಂದು ನಮ್ಮ ಬಿ.ಇಡಿ. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಎಂಟು ಹಂತಗಳ ಸಿದ್ಧಾಂತ ಅವರದೇ. ಪದವಿಯ ನಿಯಮದಂತೆ ನೋಡಿದರೆ, ಅವರನ್ನು ಓದಿದವರಿಗೆ ಕುರ್ಚಿ ಇದೆ, ಅವರಿಗೇ ಇಲ್ಲ.

ಆದರೆ ಸರ್ಟಿಫಿಕೇಟ್ ವ್ಯಾಪಾರಿಗಳು ಈ ಉದಾಹರಣೆಯನ್ನು ಕದ್ದು ಕರಪತ್ರದಲ್ಲಿ ಹಾಕಿಕೊಳ್ಳುವ ಮುನ್ನ ಒಂದು ಮಾತು. ಇವರು ಯಾರೂ ಮೂರು ದಿನದಲ್ಲಿ ತಯಾರಾದವರಲ್ಲ. ವರ್ಷಗಟ್ಟಲೆ ತಮ್ಮ ಮನಸ್ಸನ್ನೇ ಗುರುವಿನ ಮುಂದೆ ಬಿಚ್ಚಿಟ್ಟು, ಹಿರಿಯರ ಕಣ್ಣೆದುರು ಕೆಲಸ ಮಾಡಿ, ತಿದ್ದಿಸಿಕೊಂಡು ಬಂದವರು. ಅವರಿಗೆ ಇರದಿದ್ದುದು ಕಾಲೇಜಿನ ಕಾಗದ. ಕಲಿಕೆಗೆ ಕೊರತೆ ಇರಲಿಲ್ಲ.

ವಿಯೆನ್ನಾ ದೂರವಾಯಿತು ಎನ್ನುವವರಿಗೆ ಬಳ್ಳಾರಿಯನ್ನೇ ತೋರಿಸಬಹುದು. 1982ರಲ್ಲಿ ದೇಶದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಹೇಗೆ ನಡೆಸಬಹುದೆಂದು ಪರೀಕ್ಷಿಸಲು ನಿಮ್ಹಾನ್ಸ್ ಆರಿಸಿಕೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ನಡೆದ ಈ ಪ್ರಯೋಗದ ಕಾಲದಲ್ಲಿ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆ ಜಿಲ್ಲೆಯೊಳಗೇ ಇದ್ದವು. ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿದ್ದು 2021ರಲ್ಲಷ್ಟೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಮನೋರೋಗದ ಮೂಲಪಾಠ ಕಲಿಸಿದರು. ಮನೆಮನೆಗೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಸರಳ ಕೈಪಿಡಿ ಕೊಟ್ಟು, ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯವನ್ನು ಗುರುತಿಸಲು, ಔಷಧ ನಿಲ್ಲಿಸದಂತೆ ನೋಡಿಕೊಳ್ಳಲು, ಮನೆಯವರಿಗೆ ತಿಳಿಹೇಳಲು ತರಬೇತಿ ಕೊಟ್ಟರು. ಅವಶ್ಯ ಔಷಧಗಳನ್ನು ಹಳ್ಳಿಯ ಆಸ್ಪತ್ರೆಗೇ ತಲುಪಿಸಿದರು. ಮೇಲ್ವಿಚಾರಣೆಗೆ ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ತಂಡವಿತ್ತು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದಾಗ ಅದಕ್ಕೆ ಮಾದರಿಯಾದದ್ದು ಇದೇ. ಪುಸ್ತಕಗಳಲ್ಲಿ ಇಂದಿಗೂ ಅದರ ಹೆಸರು 'ಬಳ್ಳಾರಿ ಮಾದರಿ'.

ದೇಶಕ್ಕೆಲ್ಲ ಪಾಠವಾದ ನೆಲ ನಮ್ಮದು. ನಮ್ಮ ಮಕ್ಕಳಿಗೆ ಬಳ್ಳಾರಿ ಎಂದರೆ ಗಣಿ ಧಣಿಗಳು, ಬಿಸಿಲು, ಜೀನ್ಸ್ ಪ್ಯಾಂಟು. ಮನಸ್ಸಿನ ಆರೈಕೆಯನ್ನು ಪದವಿಯಿಲ್ಲದ ಕೈಗಳಿಗೂ ಕಲಿಸಬಹುದೆಂದು ಇಲ್ಲಿ ನಡೆದು ತೋರಿದ ಸಂಗತಿ ಎಷ್ಟು ಜನರಿಗೆ ಗೊತ್ತು?

ಆ ಬಳಿಕ ಪುರಾವೆ ಬೆಳೆಯುತ್ತಲೇ ಬಂದಿದೆ. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮನೋವೈದ್ಯದ ಹಿನ್ನೆಲೆಯೇ ಇಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ ರೋಗಿಗಳೊಡನೆ ಕೂರಿಸಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಮೂರು ತಿಂಗಳ ಬಳಿಕ ಈ ಸಲಹೆ ಪಡೆದವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ 39 ಜನ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಾ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಹದಿನಾಲ್ಕು ಅಜ್ಜಿಯರಿಗೆ ಕಲಿಸಿ ಆಸ್ಪತ್ರೆಯ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ಆ 'ಸ್ನೇಹದ ಬೆಂಚು' ಇಂದು ಹಲವು ದೇಶಗಳಿಗೆ ಹೋಗಿದೆ. ನಮ್ಮ ಬೆಂಗಳೂರಿನಲ್ಲೇ ಡಾ. ಸಿ. ಆರ್. ಚಂದ್ರಶೇಖರ್ ಅವರು 'ಸಮಾಧಾನ' ಕೇಂದ್ರದಲ್ಲಿ ಗೃಹಿಣಿಯರು, ನಿವೃತ್ತರಂಥ ಸ್ವಯಂಸೇವಕರಿಗೆ ಆಪ್ತಸಮಾಲೋಚನೆ ಕಲಿಸುತ್ತ ಬಂದಿದ್ದಾರೆ. ಅಜ್ಜಿಯರಿಂದ ಸಾಧ್ಯವಾದದ್ದು ಕಂಪ್ಲಿಯ ದರ್ಜಿ ಹೆಣ್ಣುಮಗಳಿಂದ ಸಾಧ್ಯವಾಗದೆ?

ಪದವಿಧರರು ಹೇಳುವ ಭಯಗಳನ್ನು ನಾವು ತಳ್ಳಿಹಾಕುವುದಿಲ್ಲ. ಸಾಯಬೇಕೆಂದು ನಿಶ್ಚಯಿಸಿದವನಿಗೆ 'ಧೈರ್ಯ ತಗೋ' ಎಂದು ಬೆನ್ನು ತಟ್ಟಿ ಕಳುಹಿಸಿದರೆ ಅವನು ಮರುದಿನ ಇರುವುದಿಲ್ಲ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುವವನಿಗೆ ಬೇಕಾದದ್ದು ಔಷಧ, ಬರೀ ಮಾತಲ್ಲ. ಸಣ್ಣ ಊರಿನಲ್ಲಿ ಒಂದು ಗುಟ್ಟು ಹೊರಬಿದ್ದರೆ ಒಂದು ಮದುವೆ ಮುರಿಯುತ್ತದೆ, ಒಂದು ಜೀವವೂ ಹೋಗಬಹುದು. ಆದ್ದರಿಂದ ಗೆರೆ ಸ್ಪಷ್ಟವಿರಬೇಕು. ಕಾನೂನಿನ ಗೆರೆ ಈಗಾಗಲೇ ಇದೆ: ನೋಂದಣಿಯಿಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟರಾಗಿ ವೃತ್ತಿ ಮಾಡಿದರೆ 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ಒಂದು ವರ್ಷದವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅದು ಇರಲಿ. ಪದವಿಯಿಲ್ಲದ ಆಪ್ತಸಮಾಲೋಚಕಿ ತನ್ನನ್ನು ಡಾಕ್ಟರ್ ಎಂದು ಕರೆದುಕೊಳ್ಳಬಾರದು. ಮಾತ್ರೆ ಕೊಡಬಾರದು, ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸು ಎನ್ನಲೂಬಾರದು. ಸಾವಿನ ಮಾತು, ಇಲ್ಲದ ದನಿ ಕೇಳುವುದು, ದಿನಗಟ್ಟಲೆ ನಿದ್ದೆ ಇಲ್ಲದಿರುವುದು, ಬಾಣಂತಿ ಕೂಸನ್ನು ದೂರ ತಳ್ಳುವುದು, ಇಂಥವು ಕಂಡ ಕೂಡಲೇ ಜಿಲ್ಲಾ ಆಸ್ಪತ್ರೆಗೆ ಜೊತೆಗೇ ಹೋಗಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಬಾಯಲ್ಲಿರಬೇಕು. ಇವೆಲ್ಲ ಹತ್ತನೇ ತರಗತಿ ಓದಿದವರು ಕಲಿಯಲಾಗದ ಪಾಠಗಳಲ್ಲ. ಆದರೆ ಕಲಿಸುವವರು ಬೇಕು, ಕಲಿತ ಮೇಲೆ ನೋಡಿಕೊಳ್ಳುವವರು ಬೇಕು.

ಇಲ್ಲಿ ನಮ್ಮ ಭಾಷೆಗಳೇ ನಮಗೆ ಎರಡು ಮಾತು ಕೊಟ್ಟಿವೆ. ಒಂದು ಸನದು, ಇನ್ನೊಂದು ಜಾಮೀನು. ಕನ್ನಡದಲ್ಲಿ ಸನದು ಎಂದರೆ ಅಧಿಕಾರದ ಪತ್ರ. ಉರ್ದುವಿನಲ್ಲೂ ಹಾಗೆಯೇ. ಆದರೆ ಹದೀಸ್ ವಿದ್ವಾಂಸರ ಬಾಯಲ್ಲಿ ಸನದ್ ಎಂದರೆ ಸರಪಳಿ: ಈ ಮಾತನ್ನು ನೀನು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು, ಅವರು ನಂಬಿಕಸ್ಥರೇ? ಕಾಗದ ಆಮೇಲಿನದು, ಕಲಿಸಿದವರು ಯಾರೆಂಬುದು ಮೊದಲಿನದು. ಮೂರು ದಿನದ ಪ್ರಮಾಣಪತ್ರ ಹಂಚುವವರನ್ನು ಈ ಪ್ರಶ್ನೆ ಕೇಳಿ ನೋಡಿ: ನೀವು ಯಾರ ಬಳಿ ಕಲಿತಿರಿ? ಅವರ ಸರಪಳಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ.

ಜಾಮೀನಿನ ಮಾತೂ ಹಾಗೆಯೇ. ವೈದ್ಯ ತಿಳಿಯದೆ ವೈದ್ಯಕ್ಕೆ ಕೈಹಾಕಿದವನು ಆಗುವ ಹಾನಿಗೆ ತಾನೇ ಹೊಣೆ ಎಂಬ ಅರ್ಥದ ಪ್ರವಾದಿ ವಚನ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಹೊಣೆಗಾರನಿಗೆ ಅಲ್ಲಿರುವ ಅರಬಿ ಪದವೇ ಉರ್ದುವಿನ 'ಜಾಮಿನ್', ನಮ್ಮ ಕೋರ್ಟುಗಳ 'ಜಾಮೀನು' ಅದೇ ಬಳ್ಳಿಯದು. ಕೇಳಿರುವುದು ಅರಿವನ್ನು, ಮತ್ತು ಹೊಣೆಯನ್ನು. ಫ್ರಾಯ್ಡ್ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಪದವಿ ಇದ್ದೂ ಹೊಣೆ ಹೊರದವರಿದ್ದಾರೆ, ಪದವಿ ಇಲ್ಲದೆ ಹೊಣೆ ಹೊತ್ತವರಿದ್ದಾರೆ. ಅರಿವೂ ಇಲ್ಲದೆ ಹೊಣೆಯೂ ಇಲ್ಲದೆ ಬೋರ್ಡು ಹಾಕಿದವರನ್ನು ಮಾತ್ರ ಯಾವ ಧರ್ಮವೂ ಯಾವ ಶಾಸ್ತ್ರವೂ ಕ್ಷಮಿಸದು.

ಈ ಮಾತನ್ನು ನಮ್ಮ ಸಮುದಾಯದೊಳಗೂ ಗಟ್ಟಿಯಾಗಿ ಹೇಳಬೇಕು. 'ಈಮಾನ್ ಗಟ್ಟಿಯಿದ್ದರೆ ಮನಸ್ಸಿಗೆ ಕಾಯಿಲೆ ಬಾರದು' ಎಂದು ಉಪದೇಶಿಸುವವರು, ಹತ್ತನೇ ಶತಮಾನದಲ್ಲಿ ತೀರಿಕೊಂಡ ಅಬೂ ಜೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಂದೇ ಗ್ರಂಥದಲ್ಲಿ ಬರೆದಿದ್ದರೆಂಬುದನ್ನು ಮರೆತಿದ್ದಾರೆ. ತಾವೀಜು ಮಾರುವವರಿಗೂ ಮೂರು ದಿನದ ಪ್ರಮಾಣಪತ್ರ ಮಾರುವವರಿಗೂ ವ್ಯತ್ಯಾಸ ಕಾಗದದ ಅಳತೆಯಲ್ಲಿ ಮಾತ್ರ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸು ನಡೆಯುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು 28 ಮನೋರೋಗಿಗಳು ಸತ್ತರು. ಸರಪಳಿಯಲ್ಲಿ ಬಿಗಿದಿದ್ದರಿಂದ ಅವರಿಗೆ ಓಡಲಾಗಲಿಲ್ಲ. ಆ ಸರಪಳಿ ಹಾಕಿದವರಿಗೆ ಜಾಮೀನು ನಿಂತವರು ಯಾರು? 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಇನ್ನೊಂದು ದಾರಿಯೂ ಇದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುವಾ' ಎಂಬ ಹೆಸರಿನಲ್ಲಿ ಮುಜಾವರರಿಗೇ ತಿಳಿವಳಿಕೆ ಕೊಟ್ಟು, ದುವಾ ಕೇಳಲು ಬಂದವರನ್ನು ದವಾ ಕೊಡುವ ಮನೋವೈದ್ಯರ ಬಳಿಗೂ ಕಳುಹಿಸುವ ಏರ್ಪಾಡು ಮಾಡಿದರು. ಮುಜಾವರರಿಗೆ ಯಾವ ಕಾಲೇಜಿನ ಪದವಿಯಿತ್ತು?

ಇನ್ನು, ಪದವಿ ಇರಲೇಬೇಕು ಎನ್ನುವವರು ಪದವಿ ಯಾರಿಗೆ ಸಿಕ್ಕಿದೆ ಎಂದೂ ನೋಡಲಿ. 20 ವರ್ಷ ದಾಟಿದ ಮುಸ್ಲಿಮರಲ್ಲಿ ಪದವೀಧರರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ ಎಂದು 2006ರ ಸಾಚಾರ್ ವರದಿ ಹೇಳಿತ್ತು. ಆ ಬಳಿಕ ನಮ್ಮ ಹುಡುಗಿಯರು ಹಟ ಹಿಡಿದು ಕಾಲೇಜಿನ ಮೆಟ್ಟಿಲು ಹತ್ತಿದರು. 2022ರ ಫೆಬ್ರವರಿಯಲ್ಲಿ ತಲೆಯ ಮೇಲಿನ ಬಟ್ಟೆಯ ನೆಪದಲ್ಲಿ ಅದೇ ಮೆಟ್ಟಿಲ ಮೇಲೆ ಅವರನ್ನು ತಡೆದು ನಿಲ್ಲಿಸಲಾಯಿತು. ಕೆಲವರು ಓದು ಬಿಟ್ಟರು. ತಾಂಡಾಗಳ, ಹಟ್ಟಿಗಳ, ಕೇರಿಗಳ ಹೆಣ್ಣುಮಕ್ಕಳ ಕಥೆ ಬೇರೆ ಬಟ್ಟೆ ತೊಟ್ಟ ಇದೇ ಕಥೆ. ಒಂದು ಕೈಯಲ್ಲಿ ಕಾಲೇಜಿನ ಗೇಟು ಹಾಕಿ, ಇನ್ನೊಂದು ಕೈಯಲ್ಲಿ ಕಾಲೇಜಿನ ಕಾಗದ ಕೇಳುವುದು ಯಾವ ನ್ಯಾಯ?

ಹಾಗೆಂದು ಓದುವ ಅವಕಾಶ ಇರುವ ಯಾರೂ ಓದು ಬಿಡಬಾರದು. ಪದವಿ ಬೇಡವೆನ್ನುವುದು ನಮ್ಮ ವಾದವಲ್ಲ. ಪದವಿಯೊಂದೇ ಏಣಿಯಾಗಬಾರದು ಎಂಬುದು ನಮ್ಮ ವಾದ.

ಇನ್ನೊಂದು ಅಪಾಯವನ್ನೂ ಹೇಳಿಬಿಡಬೇಕು. ಪದವಿಯಿಲ್ಲದವರು ಈ ಕೆಲಸ ಮಾಡಬಹುದು ಎಂದ ಕೂಡಲೇ ಸರ್ಕಾರದ ಬಾಯಲ್ಲಿ ನೀರೂರುತ್ತದೆ. ಅಗ್ಗದ ಕೈಗಳು ಸಿಕ್ಕವಲ್ಲ! ಆಶಾ ಕಾರ್ಯಕರ್ತೆಯರನ್ನು ನೋಡಿ. ಊರಿನ ಬಸುರಿ-ಬಾಣಂತಿಯರ ಭಾರವೆಲ್ಲ ಅವರ ಹೆಗಲ ಮೇಲೆ. ಆದರೂ ಅವರು ನೌಕರರಲ್ಲ, 'ಸ್ವಯಂಸೇವಕಿಯರು'. ಅವರಿಗೆ ಬರುವುದು ಸಂಬಳವಲ್ಲ, 'ಗೌರವಧನ'. ಅದಕ್ಕಾಗಿ ಅವರು ಬಿಸಿಲಲ್ಲಿ ಮತ್ತೆ ಮತ್ತೆ ಧರಣಿ ಕೂರಬೇಕು. ದಿನವಿಡೀ ಇನ್ನೊಬ್ಬರ ಅಳು ಕೇಳಿಸಿಕೊಳ್ಳುವುದು ಅದಿರು ಹೊರುವುದಕ್ಕಿಂತ ಹಗುರವಾದ ಕೆಲಸವಲ್ಲ. ಸೇವೆ ಎಂಬ ಸಿಹಿ ಮಾತಿನಿಂದ ಹೆಂಗಸರ ಇನ್ನೊಂದು ದುಡಿಮೆಯನ್ನು ಪುಕ್ಕಟೆ ಮಾಡುವುದಾದರೆ ನಮಗೆ ಈ ಸುಧಾರಣೆಯೇ ಬೇಡ.

ಹಾಗಾದರೆ ಏನು ಬೇಕು? ಹಂಪಿಯ ಮಗ್ಗುಲಲ್ಲೇ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಬಳ್ಳಾರಿ ಪ್ರಯೋಗದ ಅನುಭವ ಅದರ ಕೈಯಲ್ಲೇ ಇದೆ. ಈ ಮೂವರೂ ಸೇರಿ ಹತ್ತನೇ ತರಗತಿ ಮುಗಿಸಿದವರಿಗೆ ಕನ್ನಡದಲ್ಲೇ ಆಪ್ತಸಮಾಲೋಚನೆಯ ಒಂದು ವರ್ಷದ ತರಬೇತಿ ಶುರುಮಾಡಲಿ. ಅರ್ಧ ವರ್ಷ ಪಾಠ, ಅರ್ಧ ವರ್ಷ ತಾಲೂಕು ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರು ಕೆಲಸ. ಲಂಬಾಣಿ, ದಖನಿ, ತೆಲುಗು ಬಲ್ಲವರಿಗೆ ಆದ್ಯತೆ ಇರಲಿ. ಮುಗಿಸಿದವರ ಹೆಸರು ಜಿಲ್ಲೆಯ ಪಟ್ಟಿಯಲ್ಲಿರಲಿ. ಅವರು ವಾರಕ್ಕೊಮ್ಮೆ ತಮ್ಮ ಕೆಲಸವನ್ನು ಮನೋವೈದ್ಯರ ಮುಂದಿಟ್ಟು ತಿದ್ದಿಸಿಕೊಳ್ಳಲಿ. ಗುಟ್ಟು ಬಿಟ್ಟುಕೊಟ್ಟವರ, ಹಣ ಕಿತ್ತವರ ಹೆಸರು ಪಟ್ಟಿಯಿಂದ ಹೋಗಲಿ. ಸಂಬಳ ಸಂಬಳವೆಂದೇ ಬರಲಿ. ಮುಂದೆ ಓದುವ ಆಸೆಯಿದ್ದವರಿಗೆ ಈ ಒಂದು ವರ್ಷ ಪದವಿಯ ಲೆಕ್ಕಕ್ಕೆ ಜಮೆಯಾಗಲಿ. ಹೀಗೆ ಮಾಡಿದರೆ ಕಲಿಸಿದವರ ಸನದು ಇರುತ್ತದೆ, ಸಂಸ್ಥೆಗಳ ಜಾಮೀನೂ ಇರುತ್ತದೆ.

ಇದಾವುದೂ ಆಗದೆ ಹೋದರೂ ನೊಂದವರು ಸುಮ್ಮನೆ ಕೂರುವುದಿಲ್ಲ. ಎಲ್ಲಾದರೂ ಹೋಗಿ ಮಾತಾಡಿಯೇ ಮಾತಾಡುತ್ತಾರೆ. ತಾವೀಜಿನವರ ಬಳಿ, ದೆವ್ವ ಬಿಡಿಸುವವರ ಬಳಿ, ಬಣ್ಣದ ಬೋರ್ಡಿನವರ ಬಳಿ, ಹೆಂಡದಂಗಡಿಯ ಬೆಂಚಿನ ಮೇಲೆ. ಆ ಎಲ್ಲ ಕಡೆ ಕೂತವರಿಗೂ ಪದವಿ ಇಲ್ಲ. ಅವರನ್ನು ಯಾವ ಆಯೋಗವೂ ಕೇಳಿಲ್ಲ. ಕಲಿಯುತ್ತೇನೆ, ಕಲಿಸಿ ಎಂದು ಬಾಗಿಲಿಗೆ ಬಂದವರನ್ನು ಮಾತ್ರ ಪದವಿ ಎಲ್ಲಿ ಎಂದು ಕೇಳಿ ಹಿಂದಕ್ಕೆ ಕಳುಹಿಸುತ್ತಿದ್ದೇವೆ.